ಫ್ಲ್ಯಾಷಿಂಗ್ ನಂತರ ಮೊಬೈಲ್ ಸೆಟ್ಟಿನ ಗುರುತು: ಐಎಂಇಐ ದತ್ತಾಂಶದ ನಕಲು ಹಾಗೂ ಮರುಸ್ಥಾಪನೆ

ಕಾರ್ಯಾಚರಣ ತಂತ್ರಾಂಶವನ್ನು ಬದಲಾಯಿಸಿದ ಮೊಬೈಲ್ ಸೆಟ್ಟು ಎಂದಿನಂತೆ ಚಾಲನೆಗೊಳ್ಳುತ್ತದೆ. ಪರದೆ ಬೆಳಗುತ್ತದೆ, ಭಾಷೆ ಯಾವುದಿರಲಿ ಎಂದು ಕೇಳುತ್ತದೆ, ಕ್ಯಾಮೆರಾ ಕೂಡ ಕೆಲಸ ಮಾಡುತ್ತದೆ. ಸಿಗ್ನಲ್ ಕಡ್ಡಿಗಳು ಮಾತ್ರ ಮೂಡುವುದಿಲ್ಲ. *#06# ಒತ್ತಿದರೆ 15 ಅಂಕಿಗಳ ಸಂಖ್ಯೆ ಕಾಣಬೇಕಾದಲ್ಲಿ ಸೊನ್ನೆಯೋ, ಖಾಲಿ ಜಾಗವೋ, 'ನಲ್' ಎಂಬ ಪದವೋ ಕಾಣುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಮಗ್ಗುಲಿನ ರಿಪೇರಿ ಅಂಗಡಿಗಳವರೆಗೆ ಇದನ್ನು 'ಐಎಂಇಐ ಹೋಗಿದೆ' ಎಂಬ ಎರಡೇ ಪದಗಳಲ್ಲಿ ಹೇಳಲಾಗುತ್ತದೆ.

ಹೋಗಿರುವುದು ಏನು, ಎಲ್ಲಿತ್ತು, ಅದನ್ನು ಮರಳಿ ತರುವ ನ್ಯಾಯವಾದ ಮಾರ್ಗ ಯಾವುದು ಎಂಬುದನ್ನು ತಿಳಿಯದೆ ಮುಂದುವರಿದರೆ ಮೊಬೈಲ್ ಸೆಟ್ಟನ್ನು ಕಳೆದುಕೊಳ್ಳುವುದರ ಜೊತೆಗೆ ಕಾನೂನಿನ ತೊಡಕಿಗೂ ಸಿಲುಕಬಹುದು. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡುವುದು ಅಗತ್ಯ.

ಎಲ್ಲರದೂ ಒಂದೇ, ಒಬ್ಬರದೇ ಒಂದು

ಮೊಬೈಲಿನ ತಂತ್ರಾಂಶವು ಫ್ಲ್ಯಾಷ್ ಎಂಬ ಬಗೆಯ ಸ್ಮೃತಿಕೋಶದಲ್ಲಿ ಇರುತ್ತದೆ. ಅದನ್ನು ಅಳಿಸಿ ಹೊಸದಾಗಿ ಬರೆಯುವ ಕ್ರಿಯೆಗೆ ಫ್ಲ್ಯಾಷಿಂಗ್ ಎಂಬ ಹೆಸರು ಬಂದಿರುವುದು ಅದರಿಂದಲೇ. ಈ ಸ್ಮೃತಿಕೋಶವು ಒಂದೇ ದೊಡ್ಡ ಕೋಣೆಯಲ್ಲ. ಹಲವು ಹತ್ತು ವಿಭಾಗಗಳಾಗಿ ಅದನ್ನು ಹಂಚಲಾಗಿರುತ್ತದೆ. ಆಂಡ್ರಾಯ್ಡ್ ತಂತ್ರಾಂಶಕ್ಕೆ ಒಂದು, ಚಾಲನೆಯ ಆರಂಭಕ್ಕೆ ಒಂದು, ಬಳಕೆದಾರನ ಚಿತ್ರ ಮತ್ತು ಸಂದೇಶಗಳಿಗೆ ಒಂದು. ಇವುಗಳ ನಡುವೆ ಕೆಲವೇ ಮೆಗಾಬೈಟ್‌ಗಳಷ್ಟು ಚಿಕ್ಕದಾದ, ಬಳಕೆದಾರನ ಕಣ್ಣಿಗೆ ಎಂದೂ ಬೀಳದ ಕೆಲವು ವಿಭಾಗಗಳಿರುತ್ತವೆ. ಸೆಟ್ಟಿನ ಗುರುತು ಇರುವುದು ಅಲ್ಲಿ.

ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಿಕ್ಕದ್ದೆಲ್ಲ ಸುಲಭವಾಗುತ್ತದೆ. ಒಂದೇ ಮಾದರಿಯ ಲಕ್ಷಾಂತರ ಸೆಟ್ಟುಗಳಲ್ಲಿರುವ ತಂತ್ರಾಂಶ ಒಂದೇ. ಅದು ಅಳಿಸಿಹೋದರೆ ಅಂತರ್ಜಾಲದಿಂದ ಮತ್ತೆ ಇಳಿಸಿಕೊಳ್ಳಬಹುದು. ಗುರುತಿನ ದತ್ತಾಂಶವಾದರೋ ಆ ಒಂದು ಸೆಟ್ಟಿಗೆ ಮಾತ್ರ ಸೇರಿದ್ದು, ಅದು ಯಾವ ಜಾಲತಾಣದಲ್ಲಿಯೂ ದೊರೆಯುವುದಿಲ್ಲ. ಪಠ್ಯಪುಸ್ತಕ ಕಳೆದರೆ ಅಂಗಡಿಯಲ್ಲಿ ಮತ್ತೊಂದು ಸಿಗುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಾಗೆ ಸಿಗುವುದಿಲ್ಲ. ಫ್ಲ್ಯಾಷಿಂಗ್‌ಗೆ ಹೊರಡುವವರು ಸಾಮಾನ್ಯವಾಗಿ ಚಿತ್ರಗಳನ್ನೂ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನೂ ಜೋಪಾನವಾಗಿ ನಕಲು ಮಾಡಿಕೊಳ್ಳುತ್ತಾರೆ. ಅಂಕಪಟ್ಟಿಯನ್ನು ಮರೆಯುತ್ತಾರೆ.

ಹದಿನೈದು ಅಂಕಿಗಳ ಒಳಗೆ

ಗುರುತಿನಲ್ಲಿ ಮೊದಲನೆಯದು ಐಎಂಇಐ, ಅಂದರೆ ಅಂತಾರಾಷ್ಟ್ರೀಯ ಮೊಬೈಲ್ ಉಪಕರಣ ಗುರುತಿನ ಸಂಖ್ಯೆ. 2004ರಿಂದ ಜಾರಿಯಲ್ಲಿರುವ ರೂಪದಲ್ಲಿ ಇದರ ಮೊದಲ 8 ಅಂಕಿಗಳು ಮಾದರಿಯನ್ನು ಸೂಚಿಸುತ್ತವೆ. ಟಿಎಸಿ ಎಂದು ಕರೆಯಲಾಗುವ ಈ ಭಾಗವನ್ನು ಜಿಎಸ್ಎಂಎ ಸಂಸ್ಥೆಯ ವ್ಯವಸ್ಥೆಯಡಿ ಹಂಚಲಾಗುತ್ತದೆ. ಮೊದಲ ಎರಡು ಅಂಕಿಗಳಿಂದ ಹಂಚಿದ ಸಂಸ್ಥೆ ಯಾವುದೆಂದು ತಿಳಿಯಬಹುದು. 35 ಇದ್ದರೆ ಬ್ರಿಟನ್ನಿನದು, 86 ಚೀನಾದ್ದು, 91 ಭಾರತದ್ದು. ನಂತರದ 6 ಅಂಕಿಗಳು ಆ ಮಾದರಿಯೊಳಗಿನ ಕ್ರಮಸಂಖ್ಯೆ. ಹೀಗಾಗಿ ಒಂದು ಟಿಎಸಿಯಡಿ 10 ಲಕ್ಷ ಸೆಟ್ಟುಗಳಿಗೆ ಮಾತ್ರ ಸಂಖ್ಯೆ ನೀಡಬಹುದು. ಹೆಚ್ಚು ಮಾರಾಟವಾಗುವ ಮಾದರಿಗೆ ಒಂದಕ್ಕಿಂತ ಹೆಚ್ಚು ಟಿಎಸಿ ಬೇಕಾಗುವುದು ಇದರಿಂದಲೇ.

ಕೊನೆಯ ಅಂಕಿ ಪರೀಕ್ಷಾ ಅಂಕಿ. ಬರೆದುಕೊಳ್ಳುವಾಗ ತಪ್ಪಾಗಿದೆಯೇ ಎಂಬುದನ್ನು ಇದರಿಂದ ಪತ್ತೆ ಮಾಡಬಹುದು. ಎಡದಿಂದ ಎರಡನೆಯ, ನಾಲ್ಕನೆಯ, ಆರನೆಯ ಹೀಗೆ ಹದಿನಾಲ್ಕನೆಯವರೆಗೆ ಸಮಸ್ಥಾನದ ಅಂಕಿಗಳನ್ನು ದ್ವಿಗುಣಗೊಳಿಸಬೇಕು. ಉತ್ತರ ಎರಡಂಕಿಯಾದರೆ ಆ ಎರಡನ್ನೂ ಕೂಡಬೇಕು. ಬೆಸಸ್ಥಾನದ ಅಂಕಿಗಳನ್ನು ಇದ್ದಂತೆಯೇ ಸೇರಿಸಿ ಒಟ್ಟು ಮೊತ್ತ ತೆಗೆದು, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ ಬೀಳುತ್ತದೆಯೋ ಅದೇ ಪರೀಕ್ಷಾ ಅಂಕಿ. ಪಾಠಗಳಲ್ಲಿ ರೂಢಿಯಾಗಿ ಬಳಸುವ 49015420323751 ಎಂಬ ಉದಾಹರಣೆಯಲ್ಲಿ ಮೊತ್ತ 52 ಬರುತ್ತದೆ. 60ಕ್ಕೆ 8 ಕಡಿಮೆ. ಆದ್ದರಿಂದ ಪೂರ್ಣ ಸಂಖ್ಯೆ 490154203237518. ಹಳೆಯ ಡಬ್ಬಿಯ ಮೇಲಿನ ಮಾಸಿದ ಚೀಟಿಯಲ್ಲಿ ಒಂದು ಅಂಕಿ ಮೂರೋ ಎಂಟೋ ಎಂಬ ಸಂದೇಹ ಬಂದಾಗ ಈ ಲೆಕ್ಕ ಬಹಳ ಉಪಯುಕ್ತ.

ಎರಡು ಸಿಮ್ ಹಾಕುವ ಸೆಟ್ಟಿಗೆ ಎರಡು ಐಎಂಇಐ ಇರುತ್ತವೆ. ಇವಲ್ಲದೆ ವೈ-ಫೈ ಹಾಗೂ ಬ್ಲೂಟೂತ್‌ಗೆ 48 ಬಿಟ್‌ಗಳ ಪ್ರತ್ಯೇಕ ವಿಳಾಸಗಳೂ, ಉತ್ಪಾದಕ ನೀಡಿದ ಕ್ರಮಸಂಖ್ಯೆಯೂ ಗುರುತಿನ ಭಾಗವೇ.

ಡಬ್ಬಿಯ ಮೇಲೆ ಮುದ್ರಿಸದಿರುವುದು

ಸಂಖ್ಯೆಯನ್ನು ಡಬ್ಬಿಯಿಂದ ನೋಡಿ ಮತ್ತೆ ಬರೆದರಾಯಿತಲ್ಲ ಎಂಬ ಭಾವನೆ ವ್ಯಾಪಕವಾಗಿದೆ. ಅದು ಅರ್ಧಸತ್ಯ ಮಾತ್ರ. ಅದೇ ವಿಭಾಗಗಳಲ್ಲಿ ರೇಡಿಯೋ ಹೊಂದಾಣಿಕೆಯ ಅಳತೆಗಳೂ ಇರುತ್ತವೆ. ಒಂದೇ ವಿನ್ಯಾಸದ ಎರಡು ಸೆಟ್ಟುಗಳ ಬಿಡಿಭಾಗಗಳು ಕೂದಲೆಳೆಯಷ್ಟಾದರೂ ವ್ಯತ್ಯಾಸವಾಗಿರುವುದು ಸಹಜ. ಆದ್ದರಿಂದ ಕಾರ್ಖಾನೆಯಲ್ಲಿ ಪ್ರತಿಯೊಂದು ಸೆಟ್ಟನ್ನೂ ಅಳತೆಯ ಉಪಕರಣಕ್ಕೆ ಜೋಡಿಸಿ, ಯಾವ ತರಂಗಾಂತರದಲ್ಲಿ ಎಷ್ಟು ಶಕ್ತಿಯಿಂದ ಪ್ರಸಾರ ಮಾಡಿದರೆ ಸರಿಯಾದೀತು ಎಂಬ ತಿದ್ದುಪಡಿ ಅಂಕಿಗಳನ್ನು ಅದರೊಳಗೇ ಬರೆಯಲಾಗುತ್ತದೆ. ಈ ಅಂಕಿಗಳು ಡಬ್ಬಿಯ ಮೇಲಾಗಲಿ, ರಸೀದಿಯಲ್ಲಾಗಲಿ ಇರುವುದಿಲ್ಲ.

ಅವು ಅಳಿಸಿಹೋದ ಸೆಟ್ಟಿಗೆ ಐಎಂಇಐ ಮಾತ್ರ ಮರಳಿ ಬಂದರೆ ಕರೆ ಹೋಗಬಹುದು, ಆದರೆ ಸಿಗ್ನಲ್ ದುರ್ಬಲವಾಗಿರುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ಪಕ್ಕದವರ ಸೆಟ್ಟಿನಲ್ಲಿ ಮಾತು ಸ್ಪಷ್ಟವಾಗಿರುವ ಜಾಗದಲ್ಲಿ ಇದರಲ್ಲಿ ತುಂಡಾಗುತ್ತದೆ. ದೋಷ ಕಂಪನಿಯದೆಂದೋ ಟವರಿನದೆಂದೋ ಬಳಕೆದಾರ ದೂರುತ್ತಿರುತ್ತಾನೆ. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಲದು, ಇಡೀ ವಿಭಾಗಗಳ ಯಥಾಪ್ರತಿಯೇ ಬೇಕು ಎನ್ನಲು ಮುಖ್ಯ ಕಾರಣ ಇದು.

ಚಿಪ್ ಯಾವುದೋ, ಜಾಗವೂ ಅದರಂತೆ

ಗುರುತು ಯಾವ ವಿಭಾಗದಲ್ಲಿರುತ್ತದೆ ಎಂಬುದು ಸೆಟ್ಟಿನ ಬ್ರ್ಯಾಂಡಿಗಿಂತ ಅದರೊಳಗಿನ ಚಿಪ್ಪನ್ನು ಅವಲಂಬಿಸಿದೆ.

ಕ್ವಾಲ್‌ಕಾಮ್ ಚಿಪ್ಪಿನ ಸೆಟ್ಟುಗಳಲ್ಲಿ ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2 ಎಂಬ ಜೋಡಿ ವಿಭಾಗಗಳೂ, ಅವುಗಳಿಗೆ ಮೂಲಪ್ರತಿಯಂತಿರುವ ಎಫ್‌ಎಸ್‌ಜಿ ಎಂಬ ಮೂರನೆಯದೂ ಇರುತ್ತವೆ. ಜೋಡಿ ಖಾಲಿಯಾಗಿದ್ದರೆ ಚಾಲನೆಯ ವೇಳೆ ಮೋಡೆಮ್ ತಾನಾಗಿಯೇ ಎಫ್‌ಎಸ್‌ಜಿಯಿಂದ ತುಂಬಿಕೊಳ್ಳುತ್ತದೆ. ಕಾರ್ಖಾನೆಯ ದತ್ತಾಂಶ ಎಫ್‌ಎಸ್‌ಜಿಯಲ್ಲಿ ಸರಿಯಾಗಿ ಉಳಿದಿರುವ ಮಾದರಿಗಳಲ್ಲಿ ಇದೊಂದು ವರದಾನ. ಆದರೆ ಎಲ್ಲ ಮಾದರಿಗಳಲ್ಲಿಯೂ ಹಾಗಿರುತ್ತದೆ ಎಂದು ನಂಬಿ 'ಆ ಎರಡನ್ನು ಅಳಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬ ಸಲಹೆಯನ್ನು ಪಾಲಿಸುವುದು ಜೂಜಾಟ. ಇವುಗಳ ಜೊತೆಗೆ ಪರ್ಸಿಸ್ಟ್ ಎಂಬ ವಿಭಾಗವನ್ನೂ ಮರೆಯಬಾರದು. ಸಂವೇದಕಗಳ ಹೊಂದಾಣಿಕೆ ಅದರಲ್ಲಿರುತ್ತದೆ, ಹಲವು ಮಾದರಿಗಳಲ್ಲಿ ವೈ-ಫೈ ವಿಳಾಸವೂ ಅಲ್ಲೇ ಇರುತ್ತದೆ.

ಮೀಡಿಯಾಟೆಕ್ ಚಿಪ್ಪಿನ ಸೆಟ್ಟುಗಳಲ್ಲಿ ಎನ್‌ವಿರ್ಯಾಮ್ ಹಾಗೂ ಎನ್‌ವಿಡೇಟಾ ಮುಖ್ಯ. ಪ್ರೊಟೆಕ್ಟ್ ಎಂಬ ಹೆಸರಿನ ಎರಡು ವಿಭಾಗಗಳೂ, ಪ್ರೋಇನ್ಫೋ ಎಂಬುದೂ ಇವುಗಳ ಜೊತೆಗಾರರು. ಎನ್‌ವಿರ್ಯಾಮ್ ಕೆಟ್ಟಿರುವುದಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ವೈ-ಫೈ ಜಾಲಗಳ ಪಟ್ಟಿಯಲ್ಲಿ ನೆರೆಮನೆಯ ಜಾಲದ ಹೆಸರುಗಳ ನಡುವೆ 'ಎನ್‌ವಿರ್ಯಾಮ್ ವಾರ್ನಿಂಗ್' ಎಂಬ, ಯಾರೂ ಇಡದ ಹೆಸರೊಂದು ಕಾಣಿಸಿಕೊಳ್ಳುತ್ತದೆ. ಅದು ಜಾಲವಲ್ಲ, ಸೆಟ್ಟು ತನ್ನ ಕಷ್ಟವನ್ನು ಹೇಳಿಕೊಳ್ಳುವ ರೀತಿ.

ಸ್ಯಾಮ್‌ಸಂಗ್ ಸೆಟ್ಟುಗಳಲ್ಲಿ ಈ ವಿಭಾಗಕ್ಕೆ ಇಎಫ್‌ಎಸ್ ಎಂಬ ಹೆಸರು. 2010ರಲ್ಲಿ ಬಂದ ಗ್ಯಾಲಕ್ಸಿ ಎಸ್ ಕಾಲದಿಂದಲೂ ತಂತ್ರಾಂಶ ಬದಲಾಯಿಸುವ ಹವ್ಯಾಸಿಗಳ ಬಾಯಲ್ಲಿ ಈ ಹೆಸರಿದೆ. ಅಂದಿನ ಮಾದರಿಗಳಲ್ಲಿ ಇಎಫ್‌ಎಸ್ ಕೆಟ್ಟರೆ 004999010640000 ಎಂಬ ಪರೀಕ್ಷಾ ಸಂಖ್ಯೆ ಕಾಣಿಸಿಕೊಳ್ಳುತ್ತಿತ್ತು. ಸಂಖ್ಯೆಯೊಂದು ಕಾಣುತ್ತಿದೆ ಎಂದ ಮಾತ್ರಕ್ಕೆ ಗುರುತು ಉಳಿದಿದೆ ಎಂದು ಭಾವಿಸಬಾರದು ಎಂಬುದಕ್ಕೆ ಇದು ನಿದರ್ಶನ. ಡಬ್ಬಿಯ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಿ ನೋಡಲೇಬೇಕು.

ನಕಲು ಮಾಡಿಕೊಳ್ಳುವ ಬಗೆ

ಸೆಟ್ಟು ಆರೋಗ್ಯವಾಗಿದ್ದಾಗ, ಕರೆ ಹೋಗುತ್ತಿರುವಾಗ ತೆಗೆದ ನಕಲಿಗಷ್ಟೇ ಬೆಲೆ. ಕೆಟ್ಟ ಮೇಲೆ ತೆಗೆದದ್ದು ಕೇಡಿನ ನಕಲು ಅಷ್ಟೆ.

ಮೊದಲು ಯಾವ ತಂತ್ರಾಂಶವೂ ಬೇಡದ ಕೆಲಸವನ್ನು ಮುಗಿಸಬೇಕು. *#06# ಒತ್ತಿ ಕಾಣುವ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು, ಡಬ್ಬಿಯ ಚೀಟಿ ಹಾಗೂ ರಸೀದಿಯೊಂದಿಗೆ ತಾಳೆ ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಸೆಟ್ಟಿನ ವಿವರಗಳಿರುವ ಪುಟದಿಂದ ವೈ-ಫೈ, ಬ್ಲೂಟೂತ್ ವಿಳಾಸಗಳನ್ನೂ ಬೇಸ್‌ಬ್ಯಾಂಡ್ ಆವೃತ್ತಿಯನ್ನೂ ಗುರುತು ಮಾಡಿಕೊಳ್ಳಬೇಕು. ಬೇಸ್‌ಬ್ಯಾಂಡ್ ಆವೃತ್ತಿ ಏಕೆಂಬುದು ಮುಂದೆ ತಿಳಿಯುತ್ತದೆ.

ವಿಭಾಗಗಳ ಯಥಾಪ್ರತಿ ತೆಗೆಯಲು ಸಾಮಾನ್ಯ ಬಳಕೆದಾರನಿಗೆ ಇಲ್ಲದ ಅಧಿಕಾರ ಬೇಕಾಗುತ್ತದೆ. ಬಹುತೇಕ ಸೆಟ್ಟುಗಳಲ್ಲಿ ಇದಕ್ಕೆ ಬೂಟ್‌ಲೋಡರ್ ಬೀಗವನ್ನು ತೆರೆಯಬೇಕು. ಬೀಗ ತೆರೆದ ಕೂಡಲೇ ಚಿತ್ರ, ಸಂದೇಶ ಮುಂತಾದ ಬಳಕೆದಾರನ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಗುರುತಿನ ವಿಭಾಗಗಳು ಉಳಿಯುತ್ತವೆ. ಹೀಗಾಗಿ ಕ್ರಮ ಹೀಗಿರಬೇಕು: ಚಿತ್ರ ಮುಂತಾದವನ್ನು ಗಣಕಕ್ಕೆ ಸಾಗಿಸುವುದು, ಬೀಗ ತೆರೆಯುವುದು, ಆ ಮಾದರಿಗೆಂದೇ ಸಿದ್ಧವಾದ ರಿಕವರಿ ತಂತ್ರಾಂಶವನ್ನು ಚಾಲನೆಗೊಳಿಸುವುದು, ಮತ್ತೇನನ್ನೂ ಮುಟ್ಟುವ ಮುನ್ನ ಗುರುತಿನ ವಿಭಾಗಗಳ ನಕಲು ತೆಗೆಯುವುದು. ಹೊಸ ರಾಮ್ ಹಾಕುವ ಉತ್ಸಾಹದಲ್ಲಿ ಕೊನೆಯ ಹೆಜ್ಜೆಯನ್ನು ನಾಳೆಗೆ ಬಿಟ್ಟವರೇ ಹೆಚ್ಚು.

ಬಹಳ ಬಳಕೆಯಲ್ಲಿರುವ ಟಿಡಬ್ಲ್ಯುಆರ್‌ಪಿ ರಿಕವರಿಯ ಬ್ಯಾಕಪ್ ಪುಟದಲ್ಲಿ ಅನೇಕ ಮಾದರಿಗಳಿಗೆ ಇಎಫ್‌ಎಸ್ ಎಂಬ ಆಯ್ಕೆ ಇರುತ್ತದೆ. ಅದನ್ನು ಬಳಕೆದಾರನೇ ಹುಡುಕಿ ಗುರುತು ಹಾಕಬೇಕು. ಪರ್ಸಿಸ್ಟ್ ಕಂಡರೆ ಅದನ್ನೂ ಸೇರಿಸಬೇಕು. ಆಯ್ಕೆಯೇ ಇಲ್ಲದ ಮಾದರಿಗಳಲ್ಲಿ ರೂಟ್ ಅಧಿಕಾರ ಪಡೆದು, ಲಿನಕ್ಸ್ ಬಲ್ಲವರಿಗೆ ಪರಿಚಿತವಾದ ಡಿಡಿ ಆದೇಶದ ಮೂಲಕ ಒಂದೊಂದು ವಿಭಾಗವನ್ನೂ ಒಂದೊಂದು ಕಡತವಾಗಿ ತೆಗೆಯಬಹುದು. ಈ ಆದೇಶದಲ್ಲಿ ಎಲ್ಲಿಂದ, ಎಲ್ಲಿಗೆ ಎಂಬ ಎರಡು ಹೆಸರುಗಳು ಅದಲುಬದಲಾದರೆ ನಕಲು ತೆಗೆಯುವ ಬದಲು ಮೂಲವೇ ನಾಶವಾಗುತ್ತದೆ. ಅಭ್ಯಾಸವಿಲ್ಲದವರು ಇದರ ತಂಟೆಗೆ ಹೋಗದಿರುವುದು ಒಳಿತು. ಮೀಡಿಯಾಟೆಕ್ ಸೆಟ್ಟುಗಳಲ್ಲಿ ಗಣಕಕ್ಕೆ ಜೋಡಿಸಿ ಎಸ್‌ಪಿ ಫ್ಲ್ಯಾಷ್ ಟೂಲ್‌ನ ರೀಡ್‌ಬ್ಯಾಕ್ ಸೌಲಭ್ಯದಿಂದಲೂ ಓದಿಕೊಳ್ಳಬಹುದಿತ್ತು. ಇತ್ತೀಚಿನ ಹಲವು ಮಾದರಿಗಳಲ್ಲಿ ಉತ್ಪಾದಕರ ಅನುಮತಿ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ.

ತೆಗೆದ ಕಡತಗಳು ಸೆಟ್ಟಿನೊಳಗೇ ಉಳಿದರೆ ಮುಂದಿನ ಫ್ಲ್ಯಾಷಿಂಗ್‌ನಲ್ಲಿ ಮೂಲದೊಂದಿಗೆ ನಕಲೂ ಹೋಗುತ್ತದೆ. ಕೂಡಲೇ ಗಣಕಕ್ಕೂ ಮತ್ತೊಂದು ಪೆನ್‌ಡ್ರೈವ್‌ಗೂ ಸಾಗಿಸಬೇಕು. ಕಡತದ ಗಾತ್ರ ಸೊನ್ನೆಯಲ್ಲವೆಂದು ಖಚಿತಪಡಿಸಿಕೊಂಡು, ಮನೆಯಲ್ಲಿ ಒಂದೇ ಮಾದರಿಯ ಎರಡು ಸೆಟ್ಟುಗಳಿದ್ದರೆ ಅದಲುಬದಲಾಗದಂತೆ ಹೆಸರಿನಲ್ಲಿ ಐಎಂಇಐನ ಕೊನೆಯ ನಾಲ್ಕು ಅಂಕಿ ಮತ್ತು ದಿನಾಂಕವನ್ನು ಸೇರಿಸಬೇಕು. ಸಹಾಯ ಕೇಳುವ ನೆಪದಲ್ಲಿ ಈ ಕಡತವನ್ನು ಅಪರಿಚಿತರಿಗೆ ಕಳುಹಿಸುವುದು ಅಂಕಪಟ್ಟಿಯನ್ನು ರಸ್ತೆಯಲ್ಲಿ ಇಟ್ಟು ಬಂದಂತೆ.

ಫ್ಲ್ಯಾಷಿಂಗ್ ವೇಳೆಯಲ್ಲಿ ಅನಾಹುತ ನಡೆಯುವುದು ಬಹುಪಾಲು ಒಂದು ತಪ್ಪು ಆಯ್ಕೆಯಿಂದ. ಎಸ್‌ಪಿ ಫ್ಲ್ಯಾಷ್ ಟೂಲ್‌ನಲ್ಲಿ 'ಡೌನ್‌ಲೋಡ್ ಓನ್ಲಿ' ಎಂಬುದು ಸುರಕ್ಷಿತ, 'ಫಾರ್ಮ್ಯಾಟ್ ಆಲ್' ಸೇರಿದ ಆಯ್ಕೆ ಇಡೀ ಸ್ಮೃತಿಕೋಶವನ್ನೇ ತೊಳೆದುಹಾಕುತ್ತದೆ. ಸ್ಯಾಮ್‌ಸಂಗ್‌ನ ಓಡಿನ್ ತಂತ್ರಾಂಶದಲ್ಲಿ 'ನ್ಯಾಂಡ್ ಇರೇಸ್ ಆಲ್' ಎಂಬ ಚೌಕಕ್ಕೆ ಗುರುತು ಹಾಕುವ ಅಗತ್ಯ ಸಾಮಾನ್ಯ ಬಳಕೆದಾರನಿಗೆ ಎಂದೂ ಬರುವುದಿಲ್ಲ.

ಮರಳಿ ತರುವ ಮುನ್ನ

ಸಿಗ್ನಲ್ ಇಲ್ಲದಿರುವುದೆಲ್ಲ ಗುರುತು ನಾಶವಾದದ್ದರಿಂದಲೇ ಅಲ್ಲ. ಸರಿಯಾಗಿದ್ದ ದತ್ತಾಂಶದ ಮೇಲೆ ಗಾಬರಿಯಿಂದ ಬೇರೇನನ್ನೋ ಬರೆದು ಕೆಡಿಸಿಕೊಂಡವರಿದ್ದಾರೆ. ಬೇಸ್‌ಬ್ಯಾಂಡ್ ಆವೃತ್ತಿಯ ಜಾಗದಲ್ಲಿ 'ಅನ್‌ನೋನ್' ಎಂದಿದ್ದರೆ ಮೋಡೆಮ್ ತಂತ್ರಾಂಶವೇ ಚಾಲನೆಗೊಂಡಿಲ್ಲದಿರುವ ಸಂಭವ ಹೆಚ್ಚು. ಮೊದಲು ಬರೆದಿಟ್ಟುಕೊಂಡ ಆವೃತ್ತಿಗೆ ಹೊಂದುವ ಮೋಡೆಮ್ ತಂತ್ರಾಂಶವನ್ನು ಹಾಕಿದರೆ ಎಷ್ಟೋ ಬಾರಿ ಐಎಂಇಐ ತಾನಾಗಿ ಮರಳುತ್ತದೆ. ಹೊಸ ಆಂಡ್ರಾಯ್ಡ್‌ನಿಂದ ಹಳೆಯದಕ್ಕೆ ಇಳಿದಾಗಲೂ ಹಳೆಯ ಮೋಡೆಮ್ ತಂತ್ರಾಂಶಕ್ಕೆ ಹೊಸ ರೂಪದ ದತ್ತಾಂಶ ಅರ್ಥವಾಗದೆ ಸೊನ್ನೆ ತೋರಿಸುವುದುಂಟು. ಇದಕ್ಕೆ ವಿರುದ್ಧವಾಗಿ, *#06#ಗೆ ಸರಿಯಾದ ಸಂಖ್ಯೆ ಬಂದೂ ಕರೆ ಹೋಗದಿದ್ದರೆ ಸಿಮ್ ಅಥವಾ ಜಾಲದ ಕಡೆಗೆ ನೋಡಬೇಕು. ಬೇಸ್‌ಬ್ಯಾಂಡ್ ಸರಿಯಿದ್ದು ಐಎಂಇಐ ಮಾತ್ರ ಸೊನ್ನೆಯಾಗಿದ್ದರೆ, ಆಗ ನಕಲಿಗೆ ಕೈಹಾಕುವ ಸಮಯ.

ಮರುಸ್ಥಾಪನೆ ನಕಲು ತೆಗೆದ ದಾರಿಯಲ್ಲಿಯೇ ಹಿಂದಿರುಗುವ ಕೆಲಸ. ಅದೇ ರಿಕವರಿಯಲ್ಲಿ ರಿಸ್ಟೋರ್ ಪುಟಕ್ಕೆ ಹೋಗಿ ಇಎಫ್‌ಎಸ್ ಒಂದನ್ನೇ ಆರಿಸಬೇಕು. ಜೊತೆಗೆ ಹಳೆಯ ಸಿಸ್ಟಂ ವಿಭಾಗವನ್ನೂ ಸೇರಿಸಿದರೆ ಹೊಸ ತೊಡಕು ಹುಟ್ಟುತ್ತದೆ. ಜೋಡಿ ವಿಭಾಗಗಳಲ್ಲಿ ಒಂದನ್ನು ಬರೆದು ಮತ್ತೊಂದನ್ನು ಬಿಡಬಾರದು. ಮುಗಿದ ಮೇಲೆ ಸೆಟ್ಟನ್ನು ಪೂರ್ತಿ ಆರಿಸಿ, ಮತ್ತೆ ಚಾಲೂ ಮಾಡಿ, ಎರಡೂ ಐಎಂಇಐಗಳನ್ನು ಕಾಗದದೊಂದಿಗೆ ಹೋಲಿಸಬೇಕು. ಕಾಣುವ ಸಂಖ್ಯೆ ಸರಿಯಿದ್ದರೆ ಸಾಲದು, ಒಂದು ಕರೆ ಮಾಡಿ, ಒಂದು ಕರೆ ಸ್ವೀಕರಿಸಿ, ವೈ-ಫೈ ವಿಳಾಸವನ್ನೂ ನೋಡಿಕೊಳ್ಳಬೇಕು.

ಬೇರೆಯವರ ನಕಲು ಬೇಡ

ಅದೇ ಮಾದರಿಯ ಮತ್ತೊಂದು ಸೆಟ್ಟಿನ ಕಡತವನ್ನು ಹಾಕಿದರೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇತ್ತೀಚಿನ ಬಹುತೇಕ ಚಿಪ್‌ಗಳಲ್ಲಿ ದತ್ತಾಂಶವನ್ನು ಆ ಚಿಪ್ಪಿಗೆ ಮಾತ್ರ ಗೊತ್ತಿರುವ ಕೀಲಿಯಿಂದ ಗೂಢಲಿಪಿಗೊಳಿಸಿರುವುದರಿಂದ ಅದು ಕೆಲಸ ಮಾಡುವುದಿಲ್ಲ. ಹಳೆಯ ಸೆಟ್ಟುಗಳಲ್ಲಿ ಕೆಲಸ ಮಾಡುತ್ತದೆ, ತೊಂದರೆ ಇರುವುದು ಅಲ್ಲಿಯೇ. ಎರಡು ಸೆಟ್ಟುಗಳಿಗೆ ಒಂದೇ ಗುರುತು ಬಂದರೆ ಒಂದು ಕಳುವಾಗಿ ನಿರ್ಬಂಧಕ್ಕೆ ಒಳಗಾದ ದಿನ ಮತ್ತೊಂದೂ ಮೂಕವಾಗುತ್ತದೆ. ಒಬ್ಬ ಮಾಡಿದ ಅಪರಾಧದ ತನಿಖೆ ಮತ್ತೊಬ್ಬನ ಮನೆಬಾಗಿಲಿಗೆ ಬರುತ್ತದೆ. 2020ರಲ್ಲಿ ಉತ್ತರಪ್ರದೇಶದ ಮೀರತ್‌ನಲ್ಲಿ ಒಂದೇ ಐಎಂಇಐ 13 ಸಾವಿರಕ್ಕೂ ಹೆಚ್ಚು ಸೆಟ್ಟುಗಳಲ್ಲಿ ಬಳಕೆಯಲ್ಲಿರುವುದನ್ನು ಪೊಲೀಸರು ಪತ್ತೆ ಹಚ್ಚಿದ್ದರು. ರಿಪೇರಿಯಾಗಿ ಬಂದ ಒಂದು ಸೆಟ್ಟಿನಿಂದ ಆರಂಭವಾದ ತನಿಖೆ ಅದು.

ಭಾರತದಲ್ಲಿ ಈ ವಿಷಯ ಹೊಸದಲ್ಲ. ಐಎಂಇಐ ಇಲ್ಲದ ಅಗ್ಗದ ಸೆಟ್ಟುಗಳು ಮಾರುಕಟ್ಟೆಯನ್ನು ತುಂಬಿದ್ದಾಗ, ಭದ್ರತೆಯ ಕಾರಣದಿಂದ ಕೇಂದ್ರ ಸರ್ಕಾರ 2009ರ ನವೆಂಬರ್ ಅಂತ್ಯಕ್ಕೆ ಗಡುವು ವಿಧಿಸಿ ಅಂಥ ಸೆಟ್ಟುಗಳಿಗೆ ಸೇವೆ ನಿಲ್ಲಿಸುವಂತೆ ಸೂಚಿಸಿತ್ತು. ಗಡುವಿಗೆ ಮುನ್ನ ಶುಲ್ಕ ಪಡೆದು ಅಸಲಿ ಸಂಖ್ಯೆಯನ್ನು ಅಳವಡಿಸಿಕೊಡುವ ಅಧಿಕೃತ ಕೇಂದ್ರಗಳೂ ತೆರೆದಿದ್ದವು. ಆ ಅವಕಾಶ ಅಂದಿಗೇ ಮುಗಿದುಹೋದದ್ದು. 2017ರ ಆಗಸ್ಟ್‌ನಲ್ಲಿ ಹೊರಡಿಸಲಾದ ನಿಯಮಗಳು, ಉತ್ಪಾದಕರ ಹೊರತು ಬೇರಾರೂ ಉದ್ದೇಶಪೂರ್ವಕವಾಗಿ ಈ ಸಂಖ್ಯೆಯನ್ನು ಅಳಿಸುವುದು, ಬದಲಿಸುವುದು ಕಾನೂನುಬಾಹಿರ ಎಂದು ಸಾರಿದವು. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮು ಇನ್ನೂ ಕಠಿಣ. ದೂರಸಂಪರ್ಕ ಗುರುತನ್ನು ತಿದ್ದಿದವರಿಗೆ 3 ವರ್ಷಗಳವರೆಗೆ ಸೆರೆವಾಸ, ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ತಿದ್ದಿದ ಗುರುತಿನ ಉಪಕರಣವನ್ನು ತಿಳಿದೂ ಇಟ್ಟುಕೊಳ್ಳುವುದು ಕೂಡ ಅಪರಾಧವೇ. 2024ರ ಜೂನ್ 26ರಿಂದ ಈ ಕಲಮು ಜಾರಿಯಲ್ಲಿದೆ. 'ಬೇರೆ ನಂಬರ್ ಹಾಕಿಕೊಡುತ್ತೇವೆ, ಸಿಗ್ನಲ್ ಬರುತ್ತದೆ' ಎಂಬ ಅಂಗಡಿಯ ಮಾತಿಗೆ ಒಪ್ಪುವವರು ಸೆಟ್ಟಿನ ಬೆಲೆಗಿಂತ ಬಹುಪಾಲು ದೊಡ್ಡ ಅಪಾಯವನ್ನು ಮನೆಗೆ ಒಯ್ಯುತ್ತಾರೆ.

ಕಳುವಾದ ಸೆಟ್ಟುಗಳನ್ನು ದೇಶದ ಎಲ್ಲ ಜಾಲಗಳಲ್ಲಿಯೂ ನಿರ್ಬಂಧಿಸುವ ಸಿಇಐಆರ್ ವ್ಯವಸ್ಥೆ ನಿಂತಿರುವುದು ಐಎಂಇಐ ಮೇಲೆಯೇ. 2019ರಲ್ಲಿ ಮುಂಬೈಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಜಾಲತಾಣದ ಮೂಲಕ ಅದು ದೇಶವ್ಯಾಪಿಯಾಯಿತು. ಕರ್ನಾಟಕದ ಪೊಲೀಸರು ಅದಕ್ಕೂ ಮುನ್ನವೇ ಇದನ್ನು ಬಳಸಿ ಸಾವಿರಾರು ಸೆಟ್ಟುಗಳನ್ನು ವಾರಸುದಾರರಿಗೆ ಮರಳಿಸಿದ್ದರು. ಗುರುತು ಅಳಿಸಿದ ಸೆಟ್ಟು ಕಳುವಾದರೆ ಈ ಸೌಲಭ್ಯದಿಂದ ಅದರ ಒಡೆಯನಿಗೆ ಪ್ರಯೋಜನವಾಗುವುದಿಲ್ಲ.

ನಕಲೇ ಇಲ್ಲದಿದ್ದರೆ

ನಕಲು ಇಲ್ಲದವರಿಗೆ ಉಳಿಯುವ ಮಾರ್ಗ ಉತ್ಪಾದಕರ ಅಧಿಕೃತ ಸೇವಾ ಕೇಂದ್ರವೊಂದೇ. ರಸೀದಿ ಹಾಗೂ ಡಬ್ಬಿಯನ್ನು ಒಯ್ಯಬೇಕು. ಬೂಟ್‌ಲೋಡರ್ ಬೀಗ ತೆರೆದ ಸೆಟ್ಟಿಗೆ ಖಾತರಿ ಅವಧಿಯ ಸೌಲಭ್ಯ ನಿರಾಕರಿಸುವ ಸಂಭವ ಇರುವುದರಿಂದ ಖರ್ಚು ಎಷ್ಟೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೆಲವು ಬಾರಿ ಮದರ್‌ಬೋರ್ಡನ್ನೇ ಬದಲಾಯಿಸಬೇಕಾಗುತ್ತದೆ. ಆಗ ಸೆಟ್ಟಿಗೆ ಬೇರೆ ಐಎಂಇಐ ಬರುವುದುಂಟು. ಅಂಥ ಸಂದರ್ಭದಲ್ಲಿ ಹಳೆಯ ಮತ್ತು ಹೊಸ ಸಂಖ್ಯೆಗಳೆರಡನ್ನೂ ಜಾಬ್‌ಶೀಟಿನಲ್ಲಿ ಬರೆಸಿ, ಡಬ್ಬಿಯೊಂದಿಗೆ ಇಟ್ಟುಕೊಳ್ಳಬೇಕು. ವಿಮೆಯ ಹಕ್ಕುಸಾಧನೆಗೂ, ಮುಂದೆ ಕಳುವಾದರೆ ಪೊಲೀಸ್ ದೂರಿಗೂ, ಮಾರುವಾಗ ಕೊಳ್ಳುವವನ ಸಂಶಯ ನಿವಾರಣೆಗೂ ಆ ಕಾಗದವೇ ಆಧಾರ.

ಬಳಸಿದ ಸೆಟ್ಟನ್ನು ಕೊಳ್ಳುವವರು ಹಣ ಕೊಡುವ ಮುನ್ನ *#06#ಗೆ ಬರುವ ಸಂಖ್ಯೆಯನ್ನು ಡಬ್ಬಿಯೊಂದಿಗೆ ಹೋಲಿಸಿ, ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಜಾಗ ಬಿಟ್ಟು ಆ 15 ಅಂಕಿಗಳನ್ನು ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ, ನಕಲಿ, ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಆ ಸೆಟ್ಟನ್ನು ಕೊಳ್ಳಬಾರದು ಎಂಬುದು ದೂರಸಂಪರ್ಕ ಇಲಾಖೆಯ ಸಲಹೆ.